ಶನಿವಾರದ ಕೊನೆಯ ಪಿರಿಯಡ್

ಬಾಗಲಕೋಟೆ ನವನಗರದ ನಮ್ಮ ಹೈಸ್ಕೂಲಿನಲ್ಲಿ ಡ್ಯಾನ್ಸ್ ಕಲಿಸಲು ಅಂತ ಯಾರೂ ಇರಲಿಲ್ಲ. ಅಂಥ ಹುದ್ದೆಯೇ ಇರಲಿಲ್ಲ. ಕನ್ನಡದ ಅಕ್ಕೋರೇ ಶನಿವಾರದ ಕೊನೆಯ ಪಿರಿಯಡ್ ಇಸಿದುಕೊಂಡು ನಮ್ಮನ್ನೆಲ್ಲ ಬಯಲಿಗೆ ಕರೆದೊಯ್ಯುತ್ತಿದ್ದರು. ಹಳೇ ವಿದ್ಯಾರ್ಥಿಗಳ ಸಂಚಿಕೆಗೆ ಏನಾದರೂ ಬರೆದು ಕೊಡು ಅಂದಾಗ ನನಗೆ ಮೊದಲು ನೆನಪಾದದ್ದು ಆ ಪಿರಿಯಡ್ಡೇ. ಗಣಿತದ ಸರ್ ಬೇಜಾರಾಗಬಾರದು.

2009-10ರ ಸುಮಾರಿನ ಮಾತು. ಆಲಮಟ್ಟಿಯ ಹಿನ್ನೀರಿಗೆ ಹಳೇ ಬಾಗಲಕೋಟೆಯ ಓಣಿಗಳು, ಸುತ್ತಲಿನ ಹಳ್ಳಿಗಳು ಮುಳುಗಿ, ಎಲ್ಲೆಲ್ಲಿಯ ಜನವೋ ನವನಗರದ ಸೆಕ್ಟರುಗಳಿಗೆ ಬಂದು ಸೇರಿದ್ದರು. ಆದರೆ ಕ್ಲಾಸಿನಲ್ಲಿ ನಾವು ಹಳೇ ಓಣಿಯ ಲೆಕ್ಕದಲ್ಲೇ ಕೂರುತ್ತಿದ್ದೆವು. ನೇಕಾರರ ಮಕ್ಕಳು ಒಂದು ಕಡೆ, ತಾಂಡಾದವರು ಹಿಂದೆ ಕಿಟಕಿ ಹತ್ತಿರ. ಯಾರೂ ಹೇಳಿ ಕೂಡಿಸಿದ್ದಲ್ಲ, ತಾನಾಗೇ ಹಾಗಾಗಿತ್ತು.

ಅಕ್ಕೋರ ನಿಯಮ ಒಂದೇ. “ನಿಮ್ಮ ಮನ್ಯಾಗ, ಓಣ್ಯಾಗ ಏನು ಕುಣೀತೀರಿ ಅದನ್ನ ತಗೊಂಡು ಬರ್ರಿ. ತಂದವರ ಅವತ್ತಿನ ಮಾಸ್ತರು.” ಹೀಗಾಗಿ ಮೊದಲು ಮಾಸ್ತರಾದದ್ದು ತಾಂಡಾದ ಒಬ್ಬ ಹುಡುಗಿ. ಮನೆಯಲ್ಲಿ ಲಂಬಾಣಿ ಮಾತು, ಕನ್ನಡ ಕಲಿತದ್ದು ಸಾಲಿಗೆ ಬಂದ ಮೇಲೆ. ಕ್ಲಾಸಿನಲ್ಲಿ ಆಕೆ ಬಾಯಿ ಬಿಟ್ಟದ್ದನ್ನೇ ನಾವು ಕಂಡಿರಲಿಲ್ಲ. ಶ್ರಾವಣದಲ್ಲಿ ತೀಜ್ ಹಬ್ಬಕ್ಕೆ ಹುಡುಗಿಯರು ಬುಟ್ಟಿಯಲ್ಲಿ ಗೋಧಿ ಮೊಳಕೆ ಬೆಳೆಸುತ್ತಾರೆ, ಅದರ ಸುತ್ತ ಕುಣಿಯುತ್ತಾರೆ ಅಂತ ಹೇಳಿಕೊಟ್ಟಳು. ಬಗ್ಗಿ ಚಪ್ಪಾಳೆ ತಟ್ಟಿ ಹಿಂದೆ ಸರಿಯುವ ಆ ಹೆಜ್ಜೆ ನೋಡಲು ಸಲೀಸು. ನಮಗೆ ಬರಲೊಲ್ಲದು! ಆಕೆ ಬೈದು ಬೈದು ಕಲಿಸಿದಳು. ಕನ್ನಡದಲ್ಲೇ ಬೈದಳು.

ನಮ್ಮ ಹುಡುಗರದು ಬೇರೆ ತಕರಾರು. ಗಂಡಸರು ಕುಣೀತಾರೇನ್ರಿ ಅಕ್ಕೋರೇ? “ಮೊಹರಮ್‌ದಾಗ ಹೆಜ್ಜಿ ಹಾಕಾವ್ರು ಯಾರೋ? ನಿಮ್ಮಪ್ಪ ಅಲ್ಲೇನು?” ಅಂದುಬಿಟ್ಟರು. ನಿಜ. ನಮ್ಮ ಕಡೆ ಮೊಹರಮ್ಮಿನ ಹೆಜ್ಜೆಗೆ, ಕರ್ಬಲಾದ ಕಥೆ ಹಾಡುವ ರಿವಾಯತ್ ಪದಕ್ಕೆ ಹಿಂದೂ-ಮುಸ್ಲಿಂ ಅಂತ ಬೇರೆ ಬೇರೆ ಮೇಳ ಕಟ್ಟುವುದಿಲ್ಲ. ಅಲ್ಲಿಂದ ತಕರಾರು ಬಂದ್.

ಕೋಲಾಟದ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ಒಂದು ಕಾಲಿಗೆ ಬಲ ಕಡಿಮೆಯಿದ್ದ ಗೆಳತಿಯೊಬ್ಬಳಿದ್ದಳು. ಗ್ಯಾದರಿಂಗ್, ಅಂದರೆ ಸಾಲಿಯ ವಾರ್ಷಿಕೋತ್ಸವ, ಬಂದರೆ ಆಕೆಗೆ ಚಪ್ಪಲಿ, ಚೀಲ ಕಾಯುವ ಕೆಲಸ. ಅಕ್ಕೋರು ಕೋಲಾಟವನ್ನು ಎರಡು ಸುತ್ತು ಮಾಡಿದರು. ಹೊರಸುತ್ತಿನವರು ತಿರುಗುತ್ತಾ ಹೋಗಬೇಕು, ಒಳಸುತ್ತಿನವರು ಇದ್ದಲ್ಲೇ ಇದ್ದು, ಎದುರು ಬಂದವರ ಕೋಲಿಗೆ ಕೋಲು ಕೊಡಬೇಕು. ಒಳಸುತ್ತಿನ ಎಲ್ಲರೂ ಸ್ಟೂಲಿನ ಮೇಲೆ ಕೂತೇ ಆಡಬೇಕು ಅಂತ ಕಟ್ಟಪ್ಪಣೆ. ಆಕೆ ಒಬ್ಬಳನ್ನೇ ಕೂಡಿಸಿದ್ದರೆ ನೋಡುವವರ ಕಣ್ಣೆಲ್ಲ ಆಕೆಯ ಕಾಲಿನ ಮೇಲೇ ಇರುತ್ತಿತ್ತು, ಅಲ್ವಾ? ಆಟ, ಮನರಂಜನೆಯಲ್ಲಿ ಇಂಥ ಮಕ್ಕಳಿಗೂ ಸಮಾನ ಅವಕಾಶ ಕೊಡಬೇಕು ಅಂತ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಅಕ್ಕೋರು ಅದಕ್ಕೆ ಕಾಯಲಿಲ್ಲ.

ಕಿವಿ ಕೇಳದ ಗೆಳೆಯನನ್ನು ಹಲಗೆ (ತಮಟೆಯಂಥ ಚರ್ಮವಾದ್ಯ) ಬಾರಿಸುವವನ ಎದುರಿಗೇ ನಿಲ್ಲಿಸುತ್ತಿದ್ದರು. ಮೊದಮೊದಲು ಅವನು ಹಲಗೆಯ ಅಂಚಿಗೆ ಅಂಗೈ ಇಟ್ಟು ಪೆಟ್ಟು ಹಿಡಿದ. ಆಮೇಲೆ ಬಾರಿಸುವ ಕೋಲು ನೋಡಿದರೇ ಸಾಕಾಯಿತು. ಗದ್ದಲದಲ್ಲಿ ನಮ್ಮ ತಾಳ ತಪ್ಪಿದರೆ ಅವನೇ ಕೈ ಮಾಡಿ ತೋರಿಸುತ್ತಿದ್ದ.

ಹಲಗೆಯಿಂದ ಜಗಳವೂ ಆಯಿತು. ಎಲ್ಲ ಮಕ್ಕಳೂ ಸರದಿಯಂತೆ ಅದನ್ನು ಬೆಂಕಿಗೆ ಹಿಡಿದು ಕಾಯಿಸಬೇಕು, ಬಾರಿಸಬೇಕು ಅಂತಿತ್ತು. ಕೆಲವು ಪಾಲಕರು ಬಂದು, “ನಮ್ಮ ಹುಡುಗನ ಕೈಯಾಗ ಹಲಗಿ ಕೊಡ್ತೀರೇನು?” ಅಂತ ಜೋರು ಮಾಡಿದರು. ಅದರ ಹಿಂದೆ ಯಾವ ಜಾತಿಯ ಮಾತಿತ್ತು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಅಕ್ಕೋರು ಸಿಟ್ಟಾಗಲಿಲ್ಲ. “ಹೋಳಿಹುಣ್ಣಿವಿಗೆ ಇಡೀ ಬಾಗಲಕೋಟಿ ಹಲಗಿ ಬಡೀತೈತಲ್ರಿ. ನೀವೂ ಬಡದೀರಿ, ನಾ ನೋಡೀನಿ” ಅಂದರು. ಒಬ್ಬರು ನಕ್ಕರು. ಇನ್ನೊಬ್ಬರು ಮಗನನ್ನು ಆ ಪಿರಿಯಡ್ಡಿಗೆ ಕಳಿಸುವುದನ್ನೇ ಬಿಟ್ಟರು. ಎಲ್ಲ ಸುಖವಾಗಿ ಮುಗಿಯಿತು ಅಂತ ಬರೆದರೆ ಸುಳ್ಳಾಗುತ್ತದೆ.

ಅಕ್ಕೋರು ಮಾಡಿದ ಇನ್ನೊಂದು ಕೆಲಸ ಆಗ ನಮಗೆ ತಿಳಿದಿರಲಿಲ್ಲ. ಗ್ಯಾದರಿಂಗ್ ಇರುವುದು ದೀಪಾವಳಿ ದಾಟಿ ಎಷ್ಟೋ ದಿನಕ್ಕೆ. ಅಷ್ಟೊತ್ತಿಗೆ ತಾಂಡಾದ ಮಕ್ಕಳು ತಂದೆ-ತಾಯಿಯ ಜೊತೆ ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆ ಹೋಗಿಬಿಟ್ಟಿರುತ್ತಿದ್ದರು. ಅದಕ್ಕೇ ಲಂಬಾಣಿ ಕುಣಿತವನ್ನು ಆಗಸ್ಟ್ 15ಕ್ಕೆ ಇಟ್ಟರು. ಆ ದಿನ ಫೇಟಿಯಾ, ಕಾಂಚಳಿ (ಲಂಬಾಣಿ ಲಂಗ, ಕುಪ್ಪಸ) ತೊಟ್ಟ ಅಜ್ಜಿಯರು ಸಾಲಿಯ ಗೇಟಿನೊಳಗೆ ಬಂದು ಮುಂದಿನ ಖುರ್ಚಿಯಲ್ಲೇ ಕೂತರು. ಕುಣಿತದ ನಡುವೆ ಒಬ್ಬ ಅಜ್ಜಿ ಎದ್ದು ಬಂದು ನನ್ನ ಭುಜ ಹಿಡಿದು ತಿರುಗಿಸಿ, ಹೆಜ್ಜೆ ತಿದ್ದಿ ಹೋದರು.

ಸ್ಪರ್ಧೆಗಳಲ್ಲಿ ಮಾತ್ರ ನಮಗೆ ಬಹುಮಾನ ಬರಲಿಲ್ಲ. ಗುಂಪಿಗೆ ಇಷ್ಟೇ ಜನ ಅಂತ ಮಿತಿ ಇರುತ್ತದೆ. ಬೇರೆಯವರು ಚೆನ್ನಾಗಿ ಕುಣಿಯುವವರನ್ನು ಆರಿಸಿ ತರುತ್ತಿದ್ದರು, ಅಕ್ಕೋರು ಚೀಟಿ ಎತ್ತಿಸುತ್ತಿದ್ದರು. ನನಗಂತೂ ಇವತ್ತಿಗೂ ಅದೇ ಸರಿ ಅನ್ನಿಸುತ್ತದೆ.

ಈ ಸಲ ಹಳೇ ವಿದ್ಯಾರ್ಥಿಗಳು ಸೇರಿ ಸಾಲಿಗೆ ಸ್ಪೀಕರ್ ಕೊಡಿಸುವ ಮಾತು ನಡೆದಿದೆ. ಕೊಡಿಸೋಣ. ಜೊತೆಗೆ ನಾಲ್ಕು ಹಲಗೆಯೂ ಇರಲಿ, ಪ್ಲಾಸ್ಟಿಕ್ಕಿನದಲ್ಲ, ಚರ್ಮದ್ದು. ದುಡ್ಡಿನಲ್ಲಿ ನನ್ನ ಪಾಲು ಬರೆದುಕೊಳ್ಳಿ.