ಅಡಿಕೆ ತೂಗುವ ಯಂತ್ರದ ಮೇಲೆ

ನಮ್ಮ ಮನೆಯಲ್ಲಿ ತೂಕದ ಯಂತ್ರವಿರುವುದು ಅಡಿಕೆ ಗೋಣಿಗಳಿಗಾಗಿ. 2021ರ ಜುಲೈ 24ರ ಬೆಳಗ್ಗೆ ಅದರ ಮೇಲೆ ಮಗಳು ನಿಂತಿದ್ದಳು. ಹೊರಗೆ ಆಟಿ ತಿಂಗಳ ಮಳೆ ಕಾಸರಗೋಡಿನ ನಮ್ಮ ಪೆರ್ಲದ ಗುಡ್ಡಗಳನ್ನೆಲ್ಲ ಅಳಿಸಿಹಾಕಿತ್ತು. ಮುಳ್ಳು 49ರ ಹತ್ತಿರ ನಡುಗಿ ನಿಂತಿತು. ಜುಡೋದಲ್ಲಿ ಅವಳ ತೂಕದ ವಿಭಾಗ 48 ಕಿಲೋ. ಅಡಿಕೆ ವ್ಯಾಪಾರಿ ಕೂಡ ಮುಳ್ಳನ್ನು ಅಷ್ಟು ಹೊತ್ತು ದಿಟ್ಟಿಸುವುದಿಲ್ಲ.

ಎದುರಿಗೆ ಸ್ಪರ್ಧೆಯೇನೂ ಇರಲಿಲ್ಲ. ಕೊರೊನಾ ಬಂದ ಮೇಲೆ ಅಭ್ಯಾಸವೇ ನಿಂತಿತ್ತು. ಒಬ್ಬಳೇ ಓಡಬಹುದು, ಹಗ್ಗ ಹಾರಬಹುದು. ಆದರೆ ಜುಡೋಗೆ ಹಿಡಿಯಲು ಇನ್ನೊಬ್ಬರ ಕಾಲರ್ ಬೇಕು. ಆದರೂ ಕುಚ್ಚಲಕ್ಕಿ ಗಂಜಿಗೆ ತುಪ್ಪ ಬಿಡಬಾರದೆಂದು ದಿನವೂ ನನ್ನೊಡನೆ ಜಗಳ. ಅವಳ ತರಬೇತುದಾರರ ಭಾಷೆ ಮಲಯಾಳ, ಪಟ್ಟುಗಳ ಹೆಸರು ಜಪಾನಿ, ಜಗಳ ಮಾತ್ರ ಶುದ್ಧ ಕನ್ನಡದಲ್ಲಿ.

ಅಂದು ಟೋಕಿಯೊದಲ್ಲಿ ಸುಶೀಲಾ ದೇವಿಯ ಪಂದ್ಯ. ಮಣಿಪುರದ ಹುಡುಗಿ, ಅದೇ 48 ಕಿಲೋ ವಿಭಾಗ, ಆ ಒಲಿಂಪಿಕ್ಸ್‌ನಲ್ಲಿ ಭಾರತದ ಏಕೈಕ ಜುಡೋ ಪಟು. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದವಳು. ನಮ್ಮಲ್ಲಿ ಮಳೆ ಬಂದರೆ ಮೊದಲು ಹೋಗುವುದು ನೆಟ್‌ವರ್ಕ್. ಮಗಳು ಮೊಬೈಲ್ ಹಿಡಿದು ಚಾವಡಿಯ ಮೂಲೆಯಿಂದ ಹಟ್ಟಿಯ ಮಾಡಿನವರೆಗೆ ಅಲೆದಳು. ಕೊನೆಗೆ ಸಿಗ್ನಲ್ ಸಿಕ್ಕಿದ್ದು ಸೌದೆ ಕೊಟ್ಟಿಗೆಯಲ್ಲಿ.

ಎದುರಾಳಿ ಹಂಗೇರಿಯ ಏವಾ ಚೆರ್ನೊವಿಟ್ಸ್ಕಿ, 2012ರ ಲಂಡನ್‌ನಲ್ಲಿ ಕಂಚು ಪಡೆದವಳು. ಪಂದ್ಯಕ್ಕೆ ನಾಲ್ಕು ನಿಮಿಷ. ಚಿತ್ರ ನಿಂತು ನಿಂತು ಬರುತ್ತಿತ್ತು: ಕಾಲರ್‌ಗಾಗಿ ಕೈಗಳ ಕಿತ್ತಾಟ, ಆಮೇಲೆ ಅಲುಗದ ಪರದೆ, ಮತ್ತೆ ಚಿತ್ರ ಬಂದಾಗ ಸುಶೀಲಾ ನೆಲದಲ್ಲಿ. ನಾಲ್ಕು ನಿಮಿಷವೂ ಪೂರ್ತಿ ಆಗಲಿಲ್ಲ. ಸೋತವಳೂ ಉಡುಪು ಸರಿಪಡಿಸಿಕೊಂಡು, ಬಗ್ಗಿ ನಮಸ್ಕರಿಸಿಯೇ ಇಳಿಯಬೇಕು. ಆ ಒಂದು ನಮಸ್ಕಾರ ಮಾತ್ರ ತಡೆಯಿಲ್ಲದೆ ಕಂಡಿತು.

“ಮುಗಿಯಿತೇ?” ಎಂದೆ. ಕೇಳಬಾರದಿತ್ತು.

ಮಧ್ಯಾಹ್ನದ ಹೊತ್ತಿಗೆ ಊರಿಡೀ ಮಣಿಪುರದ್ದೇ ಮಾತು. ಆದರೆ ಅದು ಇನ್ನೊಬ್ಬಳ ಬಗ್ಗೆ. ಮೀರಾಬಾಯಿ ಚಾನು ವೇಟ್‌ಲಿಫ್ಟಿಂಗ್‌ನಲ್ಲಿ ಒಟ್ಟು 202 ಕಿಲೋ ಎತ್ತಿ ಬೆಳ್ಳಿ ಗೆದ್ದಿದ್ದಳು. ನನ್ನ ತಮ್ಮ ಫೋನು ಮಾಡಿ ಸಂಭ್ರಮಪಟ್ಟ. ಬೆಳಗ್ಗೆ ಅದೇ ನಾಡಿನ ಮತ್ತೊಬ್ಬಳು ಸೋತದ್ದು ಅವನಿಗೆ ಗೊತ್ತೇ ಇರಲಿಲ್ಲ. ಅವನನ್ನು ಹೇಗೆ ದೂರಲಿ? ಮಗಳು ಇಲ್ಲದಿದ್ದರೆ ನನಗೂ ಗೊತ್ತಾಗುತ್ತಿರಲಿಲ್ಲ.

ಸಂಜೆ ತಾನಾಗಿಯೇ ಬಾಯಿ ಬಿಟ್ಟಳು. ಜಪಾನಿನ ರಿಯೊಕೊ ತಾನಿಯ ಕಥೆ. 146 ಸೆಂಟಿಮೀಟರ್ ಎತ್ತರ, ಇದೇ 48 ಕಿಲೋ. 1992 ಮತ್ತು 1996ರ ಒಲಿಂಪಿಕ್ಸ್ ಫೈನಲ್‌ನಲ್ಲಿ ಸೋತು ಬೆಳ್ಳಿ. ಚಿನ್ನ ಬಂದದ್ದು 2000ದಲ್ಲಿ, ಮತ್ತೆ 2004ರಲ್ಲಿ. “ಮಗು ಹುಟ್ಟಿದ ಮೇಲೆ 2007ರಲ್ಲಿ ಮತ್ತೆ ವಿಶ್ವ ಚಾಂಪಿಯನ್, ಮರುವರ್ಷ ಬೀಜಿಂಗಿನಲ್ಲಿ ಕಂಚು” ಎಂದಳು. ಇವಳು ಹುಟ್ಟಿದ ಮೇಲೆ ಅಂಗಳದಿಂದ ಅಡಿಕೆ ಗೋಣಿಯನ್ನು ಒಬ್ಬಳೇ ಎತ್ತಲು ನನಗೆ ಎಷ್ಟು ತಿಂಗಳು ಬೇಕಾಯಿತೆಂದು ನೆನಪಾಯಿತು. ಆ ಕಂಚಿನ ತೂಕ ಅವಳಿಗಿಂತ ನನಗೇ ಚೆನ್ನಾಗಿ ತಿಳಿದಿದೆ ಅನಿಸಿತು; ಹೇಳಲಿಲ್ಲ.

“ಅಮ್ಮಾ, ಅಪ್ಪನ ಹಳೆಯ ಅಂಗಿ ಹಾಕಿಕೊಂಡು ಬಾ.”

ಚಾವಡಿಯಲ್ಲಿ ಎರಡು ಹಾಸಿಗೆ ಹಾಸಿದ್ದಳು. ಮೊದಲು ಬೀಳುವುದನ್ನು ಕಲಿಸಿದಳು: ಗಲ್ಲ ಎದೆಗೆ ಒತ್ತಿಕೊಳ್ಳಬೇಕು, ಸೊಂಟದ ಗಂಟನ್ನೇ ನೋಡಬೇಕು, ಬೀಳುವಾಗ ಅಂಗೈಯಿಂದ ನೆಲಕ್ಕೆ ಬಡಿಯಬೇಕು. ಬಡಿದೆ. ಸಾಲದು ಎಂದಳು. ಮತ್ತೆ ಬಡಿದೆ. ಹಟ್ಟಿಯಲ್ಲಿ ದನ ಕೂಗಿತು. ನಂತರ ನನ್ನ ಕಾಲರ್ ಹಿಡಿದಳು. ಒಂದೂವರೆ ವರ್ಷದಿಂದ ಯಾರನ್ನೂ ಹಿಡಿಯದ ಆ ಬೆರಳುಗಳು ಎಷ್ಟು ಬಿಗಿಯಾಗಿದ್ದವೆಂದರೆ ಮೇಲಿನ ಗುಂಡಿ ಕಿತ್ತು ಬಂತು. ಅದನ್ನು ಹುಡುಕಲು ನಾನು ಬಗ್ಗುವಷ್ಟರಲ್ಲಿ, “ಬಿಡು, ಆಮೇಲೆ ಹೊಲಿಯೋಣ” ಎಂದು ತಿರುಗಿ ಬೆನ್ನು ಕೊಟ್ಟಳು. ಮಾಡಿನ ಹಂಚುಗಳು ಒಮ್ಮೆ ನನ್ನ ಕಾಲಿನ ಕೆಳಗೆ ಕಂಡವು.