94ರಲ್ಲೇ ನಿಂತಿದ್ದ ಇಂಟರ್ನೆಟ್ ವೇಗ

ನಮ್ಮ ಮನೆಗೆ 200 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಫೈಬರ್ ಸಂಪರ್ಕವಿದ್ದರೂ, ಯಾವ ಹೊತ್ತಿನಲ್ಲಿ ಪರೀಕ್ಷಿಸಿದರೂ ವೇಗ 94ರ ಆಸುಪಾಸಿನಲ್ಲೇ ನಿಲ್ಲುತ್ತಿತ್ತು. ಅದು ಏರಿಳಿಯುತ್ತಿದ್ದರೆ ವೈಫೈಯನ್ನು ಅನುಮಾನಿಸಬಹುದಿತ್ತು. ಹೀಗೆ ನೂರರ ಹೊಸ್ತಿಲಲ್ಲೇ ಕದಲದೆ ನಿಂತರೆ ಮೊದಲು ನೋಡಬೇಕಾದದ್ದು ಕೇಬಲ್ಲನ್ನು. ಲ್ಯಾನ್ ಕೇಬಲ್ಲಿನೊಳಗೆ ಜೋಡಿಜೋಡಿಯಾಗಿ ಹೆಣೆದ ಎಂಟು ತಂತಿಗಳಿರುತ್ತವೆ. ಗಿಗಾಬಿಟ್ ವೇಗಕ್ಕೆ, ಅಂದರೆ 1000 ಎಂಬಿಪಿಎಸ್‌ಗೆ, ಎಂಟೂ ಬೇಕು, 100 ಎಂಬಿಪಿಎಸ್‌ಗೆ ನಾಲ್ಕೇ ಸಾಕು, ಆದ್ದರಿಂದ ಉಳಿದ ನಾಲ್ಕರಲ್ಲಿ ಒಂದು ಕೈಕೊಟ್ಟರೂ ಸಂಪರ್ಕವು ಕಡಿದುಹೋಗದೆ, ಯಾವ ಸೂಚನೆಯನ್ನೂ ನೀಡದೆ, ಕೆಳಗಿನ ವೇಗಕ್ಕೆ ಇಳಿದುಬಿಡಬಹುದು. ಫೈಬರ್ ಬಾಕ್ಸಿನಿಂದ ರೌಟರಿಗೆ ಹೋಗುವ ಕೇಬಲ್ಲಿನ ತುದಿಯನ್ನು ಕಿಟಕಿಯ ಬೆಳಕಿಗೆ ಹಿಡಿದಾಗ, ಪಾರದರ್ಶಕ ಕನೆಕ್ಟರಿನೊಳಗೆ ಕಂದು ಬಣ್ಣದ ತಂತಿಯೊಂದು ಲೋಹದ ಹಲ್ಲನ್ನು ಮುಟ್ಟದೆ ಗಿಡ್ಡವಾಗಿ ಉಳಿದಿರುವುದು ಸ್ಪಷ್ಟವಾಗಿ ಕಾಣಿಸಿತು. ಗಿಗಾಬಿಟ್ ವೇಗಕ್ಕೆ ಸಾಕಾಗುವ ಕ್ಯಾಟ್ 5ಇ ಬಗೆಯ ಕೇಬಲ್ ತಂದು ಬದಲಿಸಿದೊಡನೆ ವೇಗ 190 ದಾಟಿತು, ಆ ಸಂಜೆ ನನಗಾದ ಸಮಾಧಾನ ಅಷ್ಟಿಷ್ಟಲ್ಲ.

ಮಲಗುವ ಕೋಣೆಯಲ್ಲಿ ವಿಡಿಯೋ ಕರೆ ತುಂಡಾಗುತ್ತಿದ್ದ ತೊಂದರೆ ಮಾತ್ರ ವೈಫೈಯದ್ದೇ ಆಗಿತ್ತು. 5 ಗಿಗಾಹರ್ಟ್ಸ್ ಅಲೆಗಳು ವೇಗವಾಗಿದ್ದರೂ ಗೋಡೆಗಳನ್ನು ದಾಟುವಾಗ ಬೇಗ ಸೊರಗುತ್ತವೆ. ಹೀಗಾಗಿ ಟಿವಿಯ ಹಿಂದೆ ಅಡಗಿದ್ದ ರೌಟರನ್ನು ನಡುಮನೆಯ ಕಪಾಟಿನ ಮೇಲಿಟ್ಟು, ಎರಡು ಗೋಡೆಗಳ ಆಚೆಯ ಫೋನನ್ನು, ಗೋಡೆಗಳನ್ನು ಹೆಚ್ಚು ಚೆನ್ನಾಗಿ ದಾಟುವ 2.4 ಗಿಗಾಹರ್ಟ್ಸ್‌ಗೆ ಜೋಡಿಸಿದ ಮೇಲೆ ಅಲ್ಲಿಯೂ ವಿಡಿಯೋ ಕರೆ ತುಂಡಾಗುವುದು ನಿಂತಿತು.