ಸುಣ್ಣದ ಗೋಡೆ ಮತ್ತು ನಮ್ಮ ಸಮಾಜದ ಮೇಷ್ಟ್ರು

ಹೋದ ತಿಂಗಳು, ಶಾಲೆಯಲ್ಲಿ ನಮಗೆ ಸಮಾಜ ವಿಜ್ಞಾನ ಹೇಳಿಕೊಟ್ಟ ಮೇಷ್ಟ್ರು ತೀರಿಕೊಂಡರು. ಸುದ್ದಿ ಬಂದಾಗ ನಾನು ಪೋಡಿನಲ್ಲೇ, ಅಂದರೆ ಬೆಟ್ಟದ ಕಾಡಿನ ನಮ್ಮ ಸೋಲಿಗರ ಹಾಡಿಯಲ್ಲೇ ಇದ್ದೆ. ಅವತ್ತು ರಾತ್ರಿ ಊಟ ಸೇರಲಿಲ್ಲ.

ನಾನು ಎಂಟನೇ ಕ್ಲಾಸಿಗೆ ಸೇರಿದ್ದು 1995ರಲ್ಲಿ. ಬಿಳಿಗಿರಿರಂಗನ ಬೆಟ್ಟದಿಂದ ಇಳಿದು ಬಂದ ಸೋಲಿಗರ ಹುಡುಗರು ಆ ವರ್ಷ ಮೂರೇ ಜನ. ನಾವು ಬಾಯಿ ಬಿಟ್ಟರೆ ಸಾಕು, ಕ್ಲಾಸೆಲ್ಲ ನಗುತ್ತಿತ್ತು. ನಮ್ಮ ಮಾತಿನ ಎಳೆತವೇ ಬೇರೆ. 'ಕಾಡಿನವರು' ಅಂತಲೇ ಕರೆಯುತ್ತಿದ್ದರು. ನಮಗಿಂತ ಮುಂಚೆ ಸೇರಿದ್ದವರು ನಮ್ಮ ಸುಗ್ಗಿಯ ರೊಟ್ಟಿ ಹಬ್ಬಕ್ಕೆ ಅಂತ ಮನೆಗೆ ಹೋದವರು ವಾಪಸ್ ಬಂದಿರಲಿಲ್ಲ. ಓದು ಹತ್ತಲಿಲ್ಲ ಅಂತಲ್ಲ. ಇಲ್ಲಿ ನಮ್ಮದು ಅನ್ನೋದು ಏನೂ ಇರಲಿಲ್ಲ.

ಮೇಷ್ಟ್ರು ಮೊದಲ ದಿನ ಹಾಜರಿ ಕೂಗುತ್ತಾ ನನ್ನ ಹೆಸರಿಗೆ ಬಂದು ನಿಂತರು. "ಯಾವ ಪೋಡಪ್ಪ ನಿಂದು?" ಅಂದರು. ಹೇಳಿದೆ. "ಹಂಗಾದ್ರೆ ಬೆಟ್ಟದ ರಂಗಯ್ಯ ನಿಮಗೆ ಭಾವ ಆಗ್ಬೇಕಲ್ವಾ?" ನಮ್ಮ ಹುಡುಗಿ ಕುಸುಮಾಲೆಯನ್ನು ಕಟ್ಟಿಕೊಂಡ ರಂಗನಾಥಸ್ವಾಮಿ ಸೋಲಿಗರಿಗೆಲ್ಲ ಭಾವನೇ. ಈ ಮಾತು ಪೋಡಿನಾಚೆ ಒಬ್ಬರ ಬಾಯಲ್ಲಿ ಕೇಳಿದ್ದು ನಾನು ಅವತ್ತೇ. ಕ್ಲಾಸು ನಗಲಿಲ್ಲ.

ಇನ್ನು ಗೋಡೆಯ ಕಥೆ. ಆಗಿನ್ನೂ ಚಾಮರಾಜನಗರ ಜಿಲ್ಲೆ ಆಗಿರಲಿಲ್ಲ. ಕ್ಲಾಸಲ್ಲಿ ತೂಗುಹಾಕಿದ್ದ ಮೈಸೂರು ಜಿಲ್ಲೆಯ ನಕ್ಷೆಯಲ್ಲಿ ನಮ್ಮ ಬೆಟ್ಟ ಬರೀ ಹಸಿರು ಬಣ್ಣ. ಒಂದು ಊರಿಲ್ಲ, ಒಂದು ಹೆಸರಿಲ್ಲ. ಅದು ನಮ್ಮನ್ನು ಕೊರೆಯುತ್ತಿತ್ತು. ಒಂದು ಭಾನುವಾರ ಮೂವರೂ ಸೇರಿ, ಹಾಸ್ಟೆಲ್ ಒಲೆಯ ಇದ್ದಿಲು ತಂದು, ಹೊಸದಾಗಿ ಸುಣ್ಣ ಬಳಿದಿದ್ದ ಹಿಂದಿನ ಗೋಡೆ ತುಂಬಾ ನಮ್ಮ ಬೆಟ್ಟ ಬರೆದೆವು. ಭಾರ್ಗವಿ ಹೊಳೆ, ಅದರ ದಡದ ದೊಡ್ಡ ಸಂಪಿಗೆ, ಆನೆ ದಾರಿ, ನೀರಿನ ಅಬ್ಬಿ, ನಾವು ಪೂಜಿಸುವ ಮಾರಮ್ಮ, ವೀರುಗಳ ಜಾಗ, ಹಿರೀಕರ ಕಲ್ಲುಗುಡಿ. 1974ರಲ್ಲಿ ಅಭಯಾರಣ್ಯ ಆದಮೇಲೆ ನಮ್ಮ ತಾತ ಬಿಟ್ಟು ಬಂದ ಹಳೇ ಪೋಡನ್ನೂ ಬರೆದೆವು.

ಸೋಮವಾರ ದೊಡ್ಡ ಗಲಾಟೆ. ಬೆತ್ತ ಬಂತು, ಅಪ್ಪನನ್ನು ಕರೆಸಬೇಕು ಅಂತ ಆಯಿತು. ಅಷ್ಟರಲ್ಲಿ ನಮ್ಮ ಮೇಷ್ಟ್ರು ಬಂದರು. ಬಯ್ಯಲಿಲ್ಲ. ಗೋಡೆ ಮುಂದೆ ಕುಕ್ಕರುಗಾಲಲ್ಲಿ ಕೂತರು. ಒಂದೊಂದೇ ಗುರುತಿನ ಮೇಲೆ ಬೆರಳಿಟ್ಟು ಕೇಳುತ್ತಾ ಹೋದರು.

"ಈ ಅಬ್ಬೀಲಿ ಬೇಸಿಗೇಲೂ ನೀರಿರ್ತದಾ?"

"ಇರ್ತದ ಸಾ."

"ಆನೆ ಇಲ್ಲೇ ಯಾಕೆ ದಾಟ್ತವೆ?"

ಅರ್ಧ ಗಂಟೆ ನಾವು ಹೇಳಿದೆವು, ಅವರು ಬರೆದುಕೊಂಡರು. ಇಡೀ ಗೋಡೆಯನ್ನು ಒಂದು ದೊಡ್ಡ ಹಾಳೆಗೆ ಇಳಿಸಿ, ಮೂಲೆಯಲ್ಲಿ ನಮ್ಮ ಮೂವರ ಹೆಸರು ಹಾಕಿದರು. ಆಮೇಲೆ ಸುಣ್ಣದ ಬಕೆಟ್ಟು ಕೊಟ್ಟು, ಗೋಡೆ ಬಳಿಸಿದರು. ಆ ಹಾಳೆ ಹತ್ತನೇ ಕ್ಲಾಸಿನವರೆಗೂ ಮೈಸೂರು ಜಿಲ್ಲೆಯ ಪಕ್ಕದಲ್ಲೇ ತೂಗುತ್ತಿತ್ತು. ಆ ವರ್ಷ ಹಬ್ಬ ಮುಗಿಸಿಕೊಂಡು ನಾವು ಮೂವರೂ ಶಾಲೆಗೆ ವಾಪಸ್ ಬಂದೆವು.

ಅವರು ಹೇಳಿಕೊಟ್ಟ ಪಾಠ ಒಂದೂ ನೆನಪಿಲ್ಲ. ಆ ಹಾಳೆ ಮಾತ್ರ ಕಣ್ಣಿಗೆ ಕಟ್ಟಿದೆ. ಮುಂದೆ ನಮ್ಮ ಹಿರಿಯರು ಕಾಡೆಲ್ಲ ಸುತ್ತಿ, ಸೋಲಿಗರ ಪವಿತ್ರ ಜಾಗಗಳನ್ನು ಜಿಪಿಎಸ್ ಹಿಡಿದು ಗುರುತಿಸಿದಾಗ ನಾನೂ ಜೊತೆಗೆ ನಡೆದೆ. ಅಂಥ ಜಾಗ 400ಕ್ಕೂ ಜಾಸ್ತಿ ಸಿಕ್ಕವು. ನಾನು ಬರೆದುಕೊಂಡ ಒಂದು ಹೆಸರೂ ತಪ್ಪಲಿಲ್ಲ ಅಂತ ಹೆಮ್ಮೆಯಿಂದಲೇ ಹೇಳುತ್ತೇನೆ. 2011ರಲ್ಲಿ ಸಮುದಾಯ ಅರಣ್ಯ ಹಕ್ಕುಪತ್ರ ಬಂದಾಗ ಮೊದಲು ಫೋನ್ ಮಾಡಿದ್ದು ಮೇಷ್ಟ್ರಿಗೆ. "ಆ ಅಬ್ಬಿ ಇದೆಯೇನಯ್ಯಾ?" ಅಂತ ಕೇಳಿದರು.

ಈಗಿನ ಶಾಲೆಗಳಿಗೆ ಕಂಪ್ಯೂಟರ್ ಬಂದಿದೆ, ಸಮವಸ್ತ್ರ ಚೆನ್ನಾಗಿದೆ. ಆದರೆ ಸಂಜೆ ಬಸ್ಸಿಗೆ ಓಡುವ ಅವಸರದಲ್ಲಿ ಯಾವ ಮಗು ಯಾವ ಪೋಡಿನದು ಅಂತ ಕೇಳುವವರು ಕಮ್ಮಿ. ನನ್ನ ಅಕ್ಕನ ಮಗಳು ಒಂಬತ್ತನೇ ಕ್ಲಾಸಿಗೇ ಬಿಟ್ಟಳು. ಅವಳು ಓದಿದ ಕಡೆ ಅವಳ ಪೋಡಿನ ಹೆಸರು ಗೊತ್ತಿದ್ದ ಮೇಷ್ಟ್ರು ಒಬ್ಬರೂ ಇರಲಿಲ್ಲ. ನೆನೆದರೆ ಹೊಟ್ಟೆ ಉರಿಯುತ್ತದೆ.

ನಮ್ಮ ಶಾಲೆಯ ಈಗಿನ ಹೆಡ್‌ಮೇಷ್ಟ್ರಲ್ಲಿ ಒಂದು ಕೇಳಿಕೆ. ಹಾಸ್ಟೆಲ್ ಹಿಂದಿನ ಆ ಗೋಡೆ ಇನ್ನೂ ಇದೆ, ನೋಡಿಕೊಂಡು ಬಂದೆ. ಈ ವರ್ಷ ಬೆಟ್ಟದಿಂದ ಬಂದ ಮಕ್ಕಳಿಗೆ ಒಂದು ಭಾನುವಾರ ಅದನ್ನು ಬಿಟ್ಟುಕೊಡಿ. ಇದ್ದಿಲು ನಾನು ತರುತ್ತೇನೆ, ಸುಣ್ಣದ ದುಡ್ಡೂ ನನ್ನದೇ.